ಆಟದಂಗಳದಿಂದ: ಬೆಂಚಿನವರ ಗದ್ದಲ

ಅಮೆರಿಕದಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋಗಿ ನಾಲ್ಕಾರು ತಿಂಗಳಿದ್ದು ಬರುವ ಹಿರಿಯರು ನಮ್ಮ ಸಂಘಗಳಲ್ಲಿ ಈಗ ಕಡಮೆಯೇನಿಲ್ಲ. ಅವರು ಹೊತ್ತು ತರುವ ಸುದ್ದಿಗಳಲ್ಲಿ ಮೊಮ್ಮಗಳ ಸಾಫ್ಟ್‌ಬಾಲ್ ಆಟವೂ ಒಂದು. ಆಟದ ವಿಷಯವಾಗಿ ಅವರು ಹೇಳುವುದು ಸ್ವಲ್ಪ, ಗದ್ದಲದ ವಿಷಯವಾಗಿ ಹೇಳುವುದೇ ಬಹಳ. ಹೆಣ್ಣುಮಕ್ಕಳು ಹೀಗೂ ಕೂಗುತ್ತಾರೆಯೇ ಎಂದು ಕಿವಿ ಮುಚ್ಚಿಕೊಳ್ಳುವವರುಂಟು. ಒಮ್ಮೆ ಹೋಗಿ ಕೂತರೆ ನಮ್ಮ ಕೈಯೂ ತಾನಾಗಿ ಚಪ್ಪಾಳೆ ತಟ್ಟುತ್ತದೆ ಎನ್ನುವವರೂ ಉಂಟು. ಅಮೆರಿಕದ ಪ್ರೇಕ್ಷಕರಲ್ಲಿಯೂ ಈ ವಿಷಯದಲ್ಲಿ ಒಮ್ಮತವಿಲ್ಲವೆಂದು ತಿಳಿದರೆ ಎರಡು ಪಕ್ಷದವರಿಗೂ ಸಮಾಧಾನವಾದೀತು.

ಮೊದಲು ಆಟದ ಪರಿಚಯ. ಸಾಫ್ಟ್‌ಬಾಲ್ ಎಂಬುದು ಬೇಸ್‌ಬಾಲಿನ ತಂಗಿ. ಹುಟ್ಟಿದ್ದು ಬಯಲಿನಲ್ಲಲ್ಲ, ಕೋಣೆಯೊಳಗೆ. 1887ರ ನವೆಂಬರಿನಲ್ಲಿ ಚಿಕಾಗೋ ನಗರದ ಒಂದು ದೋಣಿ ಕ್ಲಬ್ಬಿನಲ್ಲಿ, ಯೇಲ್ ಮತ್ತು ಹಾರ್ವರ್ಡ್ ತಂಡಗಳ ಫುಟ್‌ಬಾಲ್ ಪಂದ್ಯದ ಸುದ್ದಿಗಾಗಿ ಸೇರಿದ್ದ ತರುಣರು ಮುಷ್ಟಿಕಾಳಗದ ಕೈಗವಸೊಂದನ್ನು ಎಸೆದಾಡಿ ಕೋಲಿನಿಂದ ಹೊಡೆದರು. ಜಾರ್ಜ್ ಹ್ಯಾನ್‌ಕಾಕ್ ಎಂಬಾತ ಅದೇ ಕೈಗವಸನ್ನು ಚೆಂಡಿನಂತೆ ಬಿಗಿದು ಕಟ್ಟಿ ಆಟವನ್ನೇ ಹೂಡಿಬಿಟ್ಟ. ಒಳಾಂಗಣದ ಆ ಗುಣ ಇನ್ನೂ ಬಿಟ್ಟಿಲ್ಲ. ಬೇಸ್‌ಬಾಲಿನಲ್ಲಿ ಒಂದು ಬೇಸಿನಿಂದ ಇನ್ನೊಂದಕ್ಕೆ 90 ಅಡಿಯಾದರೆ ಇಲ್ಲಿ 60 ಅಡಿ. ಕಾಲೇಜು ಆಟದಲ್ಲಿ ಚೆಂಡೆಸೆಯುವವಳಿಗೂ ಹೊಡೆಯುವವಳಿಗೂ ನಡುವೆ 43 ಅಡಿ. ಇಷ್ಟು ಚಿಕ್ಕ ಅಂಗಳದಲ್ಲಿ ಯಾರು ಏನು ಕೂಗಿದರೂ ಎಲ್ಲರಿಗೂ ಕೇಳಿಸುತ್ತದೆ. ಅಂದ ಹಾಗೆ, ಹೆಸರಿನಲ್ಲಿ ಮಾತ್ರ ಇದು ಮೆದು; ಚೆಂಡು ಗಟ್ಟಿಯಾದದ್ದೇ, ಪಳಗಿದ ಕೈಯಿಂದ ಗಂಟೆಗೆ 100 ಕಿಲೋಮೀಟರಿಗೂ ಮೀರಿ ಬರುವಂಥದು.

ಡಗ್‌ಔಟ್ ಎಂಬ ಮಾತು ಟಿ-20 ಕ್ರಿಕೆಟ್ಟಿನಿಂದಾಗಿ ನಮ್ಮ ಮಕ್ಕಳಿಗೆಲ್ಲ ಗೊತ್ತು. ಸರದಿಗಾಗಿ ಕಾಯುವವರು ಕೂಡುವ ಜಾಗ. ಬೇಸ್‌ಬಾಲಿನಲ್ಲಿ ನೆಲ ಅಗೆದು ಮಾಡಿದ ತಗ್ಗಾದ್ದರಿಂದ ಆ ಹೆಸರು. ಸಾಫ್ಟ್‌ಬಾಲಿನಲ್ಲಿ ಅನೇಕ ಕಡೆ ತಗ್ಗೂ ಇಲ್ಲ, ತಂತಿಬೇಲಿಯ ಹಿಂದೆ ಒಂದು ಬೆಂಚು, ಅಷ್ಟೆ. ಆ ಬೆಂಚಿನ ಮೇಲೆ ಕೂಡುವವರಾದರೂ ಯಾರು? ಹುಡುಗಿಯರೆಲ್ಲ ಬೇಲಿಗೆ ಜೋತುಬಿದ್ದು ನಿಂತಿರುತ್ತಾರೆ. ತಮ್ಮವಳೊಬ್ಬಳು ಬ್ಯಾಟು ಹಿಡಿದು ಹೊರಟಳೆಂದರೆ ಒಬ್ಬಳು ಅವಳ ಹೆಸರನ್ನೋ ಬೆನ್ನಿನ ಅಂಕಿಯನ್ನೋ ಎತ್ತಿಕೊಡುತ್ತಾಳೆ. ಉಳಿದವರು ಚಪ್ಪಾಳೆಯ ತಾಳದೊಡನೆ ಅದನ್ನು ಹಿಂದೆ ಹೇಳುತ್ತಾರೆ. ನಮ್ಮ ಭಜನೆಯ ಕ್ರಮವೇ ಸರಿ. ಪ್ಲಾಸ್ಟಿಕ್ ಬಕೆಟ್ಟೊಂದು ಬೋರಲಾಗಿ ಮೃದಂಗದ ಕೆಲಸ ಮಾಡುವುದೂ ಉಂಟು. ಚೆಂಡು ಗೆರೆಯಾಚೆ ಹೋದರೆ ಅದಕ್ಕೊಂದು ಪದ, ಓಟ ಬಂದರೆ ಅದಕ್ಕೊಂದು. ತಂಡ ಹಿಂದೆ ಬಿದ್ದಾಗ ಟೋಪಿಯ ಒಳಭಾಗ ಹೊರಗೆ ಮಾಡಿ ತಲೆಗಿಟ್ಟುಕೊಳ್ಳುವ ನಂಬಿಕೆಯೂ ಇದೆ. ಎಂಟು ಹತ್ತು ವರ್ಷದ ಹುಡುಗಿಯರು ಬ್ಯಾಟನ್ನು ನೆಟ್ಟಗೆ ಹಿಡಿಯಲು ಕಲಿಯುವ ಮೊದಲೇ ಇವನ್ನೆಲ್ಲ ದೊಡ್ಡ ಹುಡುಗಿಯರಿಂದ ಬಾಯಿಪಾಠ ಮಾಡಿರುತ್ತಾರೆ. ಜಪಾನಿನ ಬೇಸ್‌ಬಾಲಿನಲ್ಲಿಯೂ ಆಟಗಾರನಿಗೊಂದು ಹಾಡುಂಟು. ಆದರೆ ಅಲ್ಲಿ ಹಾಡುವವರು ಕಹಳೆ ಡೋಲು ಹಿಡಿದ ಪ್ರೇಕ್ಷಕರು. ಇಲ್ಲಿ ಹಾಡುವವರು ಆಟಗಾರ್ತಿಯರೇ.

ಇದು ಎಳೆಯರಿಗೆ ಒಪ್ಪುವಂಥದು, ಹದಿನೆಂಟು ದಾಟಿದವರಿಗೆ ಸಲ್ಲದು, ಆಟದ ಗಾಂಭೀರ್ಯ ಕೆಡುತ್ತದೆ ಎಂಬುದು ಆಕ್ಷೇಪಿಸುವವರ ವಾದ. ಟೆಲಿವಿಷನ್ನಿನ ಧ್ವನಿಯನ್ನು ಪೂರ್ತಿ ಅಡಗಿಸಿ ಪಂದ್ಯ ನೋಡುವವರೂ ಇದ್ದಾರೆ. ಎದುರು ಪಕ್ಷದವರಿಗೆ ಗದ್ದಲವಿಲ್ಲದ ಸಾಫ್ಟ್‌ಬಾಲ್ ಒಗ್ಗರಣೆಯಿಲ್ಲದ ಸಾರು. ಗಾಂಭೀರ್ಯದ ಮಾತನ್ನು ನಾವು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಗಂಡಸರ ಬೇಸ್‌ಬಾಲಿನಲ್ಲಿ ಬೆಂಚಿನಿಂದ ಎದುರಾಳಿಯನ್ನು ಹಂಗಿಸುವುದು ನೂರು ವರ್ಷಕ್ಕೂ ಹಳೆಯ ವಿದ್ಯೆ. ಕ್ರಿಕೆಟ್ಟಿನಲ್ಲಿ ಅದಕ್ಕೆ ಸ್ಲೆಡ್ಜಿಂಗ್ ಎಂಬ ಹೆಸರೂ ಇದೆ. ಅದನ್ನು ಕೆಚ್ಚೆಂದು ಕೊಂಡಾಡಿದವರು ಹುಡುಗಿಯರ ಪದವನ್ನು ಹುಡುಗಾಟವೆನ್ನುವುದು ಯಾವ ನ್ಯಾಯ? ಬಾಯಿ ಬಿಡುವುದು ಆಟಕ್ಕೆ ಹೊರತೆಂಬ ಭಾವನೆ ನಮಗಂತೂ ಇರಬಾರದು. ಊರಲ್ಲಿ ನಾವು ಕಬಡ್ಡಿ ಎಂದು, ಮುಂಬಯಿ ಪುಣೆಯವರು ಹುತುತು ಎಂದು, ಹೈದರಾಬಾದಿನ ತೆಲುಗರು ಚೆಡುಗುಡು ಎಂದು ಆಡುತ್ತ ಬಂದ ಆಟದಲ್ಲಿ ದನಿ ನಿಂತರೆ ಆಟಗಾರನೇ ಔಟು.

ಇನ್ನೊಂದು ಆಕ್ಷೇಪದಲ್ಲಿ ಮಾತ್ರ ಹುರುಳಿದೆ. ಬೆಂಚಿನ ಪದಗಳೆಲ್ಲ ತಮ್ಮವಳನ್ನು ಹುರಿದುಂಬಿಸುವಂಥವಲ್ಲ. ಎದುರಿನವಳು ಎಸೆದ ಚೆಂಡು ದಿಕ್ಕು ತಪ್ಪಿದರೆ ಅಣಕಿಸುವ ಪದವುಂಟು. ಔಟಾಗಿ ತಲೆ ತಗ್ಗಿಸಿ ಹಿಂದಿರುಗುವವಳ ಹೆಜ್ಜೆ ಹೆಜ್ಜೆಗೂ ಎಡ, ಬಲ, ಎಡ, ಬಲ ಎಂದು ಎಣಿಸಿ, ಅವಳು ಕುಳಿತ ಕ್ಷಣಕ್ಕೆ ಸರಿಯಾಗಿ ಕೂತ್ಕೋ ಎಂದು ಒಕ್ಕೊರಲಿನಿಂದ ಕೂಗುವ ಚೇಷ್ಟೆಯುಂಟು. ಇದರಲ್ಲಿ ಪ್ರೇಕ್ಷಕರೂ ಹಿಂದೆ ಬೀಳುವುದಿಲ್ಲ. ಅಂಗಳದ ನಡುವೆ ಒಂಟಿಯಾಗಿ ನಿಂತ ಹನ್ನೆರಡು ವರ್ಷದ ಹುಡುಗಿಯ ಕೈ ಇದರಿಂದ ನಡುಗಿದರೆ ಅದನ್ನು ಗೆಲುವೆಂದು ಬರೆದುಕೊಳ್ಳಲು ನಮಗೆ ಮನಸ್ಸಿಲ್ಲ. ತನ್ನವಳಿಗಾಗಿ ಎಷ್ಟು ಬೇಕಾದರೂ ಕೂಗಲಿ, ಬಕೆಟ್ಟು ಒಡೆದರೂ ಚಿಂತೆಯಿಲ್ಲ. ಎದುರಿನವಳನ್ನು ಕುರಿತು ಕೂಗುವುದು ಬೇಡ. ಹಂಗಿಸುವ ಕೂಗನ್ನು ತಡೆಯುವ ಅಧಿಕಾರ ಅಂಪೈರಿಗೆ ಇದ್ದೇ ಇದೆ. ಅದನ್ನು ಅವರು ಇನ್ನಷ್ಟು ಧಾರಾಳವಾಗಿ ಬಳಸಬಹುದು.

ಕೂಗು ಯಾರಿಗಾಗಿ ಎಂಬುದಕ್ಕೆ ಟೋಕಿಯೋ ಒಲಿಂಪಿಕ್ಸ್ ಒಂದು ಪರೀಕ್ಷೆಯಾಯಿತು. ಆ ಕ್ರೀಡಾಕೂಟದ ಮೊಟ್ಟಮೊದಲ ಸ್ಪರ್ಧೆ ಸಾಫ್ಟ್‌ಬಾಲೇ. 2021ರ ಜುಲೈ 21ರಂದು ಫುಕುಶಿಮಾದಲ್ಲಿ ಜಪಾನ್ ಆಸ್ಟ್ರೇಲಿಯವನ್ನು 8–1ರಿಂದ ಸೋಲಿಸಿತು. ಕೊರೋನಾ ದೆಸೆಯಿಂದ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಖಾಲಿ ಆಸನಗಳ ನಡುವೆ ಆಟಕ್ಕೆ ಜೀವ ಕೊಡಲು ಉಳಿದದ್ದು ಬೆಂಚಿನವರ ದನಿಯೊಂದೇ.

ಆ ಬೆಂಚಿನವರು ಯಾರೆಂಬುದನ್ನು ನಾವು ಸ್ವಲ್ಪ ಯೋಚಿಸಬೇಕು. ತಂಡದಲ್ಲಿ ಇಪ್ಪತ್ತರ ಸುಮಾರು ಹುಡುಗಿಯರಿದ್ದರೆ ಅಂಗಳಕ್ಕಿಳಿಯುವವರು ಒಂಬತ್ತು. ಉಳಿದವರಲ್ಲಿ ಕೆಲವರಿಗೆ ಇಡೀ ಋತುವಿನಲ್ಲಿ ನಾಲ್ಕು ಚೆಂಡು ಎದುರಿಸುವ ಅವಕಾಶವೂ ಬರಲಿಕ್ಕಿಲ್ಲ. ಅಭ್ಯಾಸ ಮಾತ್ರ ಎಲ್ಲರಿಗೂ ಒಂದೇ: ಅದೇ ಬೆಳಗಿನ ಜಾವ, ಅದೇ ಬಿಸಿಲು, ಅದೇ ಮೊಣಕಾಲಿನ ತರಚು. ಪಂದ್ಯದ ದಿನ ಅವರ ಪಾಲಿಗೆ ಬರುವುದು ಕೊರಳೊಂದೇ. ಅದನ್ನೂ ಗಾಂಭೀರ್ಯದ ಹೆಸರಿನಲ್ಲಿ ಕಿತ್ತುಕೊಂಡರೆ ಬೆಂಚಿನ ಮೇಲೆ ಉಳಿಯುವುದು ಹತ್ತು ಮಂದಿಯ ಮುನಿಸು. ಮಗಳು ಗಂಟಲು ಕಟ್ಟಿಸಿಕೊಂಡು ಮನೆಗೆ ಬಂದಾಗ ನಮ್ಮ ತಾಯಿತಂದೆಯರ ಬಾಯಿಂದ ಹೊರಡುವ ಮೊದಲ ಪ್ರಶ್ನೆ, ನಿನ್ನನ್ನು ಆಡಿಸಿದರೇ? ಇಲ್ಲವೆಂದಳೋ, ಹಾಗಾದರೆ ಓದಾದರೂ ಓದಬಹುದಿತ್ತಲ್ಲ ಎಂಬುದು ಎರಡನೆಯದು. ಅಮೆರಿಕದಲ್ಲಷ್ಟೇ ಅಲ್ಲ, ದಾದರಿನಲ್ಲಿಯೂ ಕರೋಲ್‌ಬಾಗಿನಲ್ಲಿಯೂ ಖೋ ಖೋ, ಥ್ರೋಬಾಲ್ ಆಡುವ ಹುಡುಗಿಯರು ತಂಡ ಬಿಡುವುದು ಅನೇಕ ವೇಳೆ ಈ ಎರಡನೆಯ ಪ್ರಶ್ನೆಯ ದಿನವೇ. ಪಂದ್ಯ ಏನಾಯಿತು, ಯಾವ ಪದ ಹೇಳಿದಿರಿ ಎಂದು ಕೇಳಿದ್ದರೆ ಆ ಹುಡುಗಿ ಊಟದ ತಟ್ಟೆಯ ಮುಂದೆ ಅರ್ಧ ಗಂಟೆ ಮಾತಾಡುತ್ತಿದ್ದಳು. ಪರವೂರಿನಲ್ಲಿ ನೆರೆಯವರಿಗೆ ಕೇಳಿಸಬಾರದೆಂದು ಮನೆಯಲ್ಲಿ ಹೆಣ್ಣುಮಕ್ಕಳ ದನಿಯನ್ನು ತಗ್ಗಿಸುತ್ತ ಬಂದವರು ನಾವು. ಬಯಲಿನಲ್ಲಾದರೂ ಅದು ಏರಲಿ.

ಅಮೆರಿಕದಲ್ಲಿಯೂ ಅದು ತಾನಾಗಿ ಏರಲಿಲ್ಲ. ಶಾಲೆ ಕಾಲೇಜುಗಳಲ್ಲಿ ಹೆಣ್ಣು ಗಂಡೆಂಬ ಭೇದ ಕೂಡದೆಂದು 1972ರಲ್ಲಿ ಕಾನೂನಾದ ಮೇಲೆ ಹುಡುಗಿಯರ ಆಟಗಳಿಗೆ ಅಂಗಳವೂ ಹಣವೂ ದೊರಕತೊಡಗಿದವು. ಮಹಿಳಾ ಸಾಫ್ಟ್‌ಬಾಲಿನಲ್ಲಿ ಇಂದಿನ ರಾಷ್ಟ್ರೀಯ ಕಾಲೇಜು ಚಾಂಪಿಯನ್‌ಷಿಪ್ ಮೊದಲಾದದ್ದು 1982ರಲ್ಲಿ. ಅದರ ಕೊನೆಯ ಎಂಟು ತಂಡಗಳು ಓಕ್ಲಹೋಮ ನಗರದಲ್ಲಿ ಆಡುತ್ತವೆ. ಅಲ್ಲಿನ ಕ್ರೀಡಾಂಗಣದಲ್ಲಿ ಈಗ ಸುಮಾರು 13,000 ಮಂದಿಗೆ ಜಾಗವಿದೆ. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸಿನ ಸಾಫ್ಟ್‌ಬಾಲನ್ನೂ ಅಷ್ಟು ದೂರದ ಈ ಅಂಗಳದಲ್ಲಿಯೇ ನಡೆಸಬೇಕೆಂದು ನಿಶ್ಚಯವಾಗಿದೆ. ನಮಗೆ ಅದು ರಾತ್ರಿಯೋ ಬೆಳಗಿನ ಜಾವವೋ ಆದೀತು. ನೋಡುವವರು ಧ್ವನಿಯನ್ನು ಅಡಗಿಸದೆ ನೋಡಬೇಕೆಂದು ನಮ್ಮ ಕೋರಿಕೆ. ಪಕ್ಕದ ಫ್ಲಾಟಿನವರ ನಿದ್ರೆಯ ಹೊಣೆ ಮಾತ್ರ ನಮ್ಮದಲ್ಲ.