ಹಾಡಿನ ಆಡಿಷನ್‌ಗೆ ‘ರಿಜಿಸ್ಟ್ರೇಷನ್ ಫೀ’ ಇರುತ್ತದೆಯೇ? ಟಿವಿ ಸ್ಪರ್ಧೆಯ ಬಾಗಿಲಲ್ಲಿ ನಡೆಯುವುದೇನು?

‘ಹಾಡುವ ಮಕ್ಕಳಿಗೆ ಸುವರ್ಣಾವಕಾಶ! ಪ್ರಸಿದ್ಧ ಚಾನೆಲ್‌ನ ಆಡಿಷನ್ ನಿಮ್ಮ ಜಿಲ್ಲೆಯಲ್ಲೇ. ಕೆಲವೇ ಸೀಟುಗಳು ಬಾಕಿ. ಇಂದೇ ಹೆಸರು ನೋಂದಾಯಿಸಿ, ಹತ್ತು ಗ್ರೂಪ್‌ಗಳಿಗೆ ಕಳುಹಿಸಿ.’ ಈ ಧಾಟಿಯ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಒಮ್ಮೆಯಾದರೂ ಬಂದಿರುತ್ತದೆ. ಕಳುಹಿಸಿದವರು ಸಾಮಾನ್ಯವಾಗಿ ಒಳ್ಳೆಯ ಮನಸ್ಸಿನವರೇ: ಸೋದರತ್ತೆ, ಶಾಲೆಯ ಮೇಷ್ಟ್ರು, ಭಜನಾ ಮಂಡಳಿಯ ಗೆಳೆಯರು. ನಮ್ಮ ಹುಡುಗಿ ಎಷ್ಟು ಚೆನ್ನಾಗಿ ಹಾಡುತ್ತಾಳೆ, ನಾಲ್ಕು ಜನಕ್ಕೆ ಗೊತ್ತಾಗಬೇಕಷ್ಟೇ ಎಂಬ ಪ್ರೀತಿ ಅದರ ಹಿಂದಿರುತ್ತದೆ. ಮೋಸ ಮಾಡುವವರು ಕೈ ಹಾಕುವುದೂ ಆ ಪ್ರೀತಿಗೇ.

ಹಾಗೆಂದು ಎಲ್ಲ ಆಡಿಷನ್ ಸಂದೇಶವೂ ಸುಳ್ಳಲ್ಲ. ಚಾನೆಲ್‌ಗಳು ನಿಜವಾಗಿಯೂ ಊರೂರಿಗೆ ಬಂದು ಗಾಯಕರನ್ನು ಹುಡುಕುತ್ತವೆ. ಹಾಗಾದರೆ ಅಸಲಿ ಯಾವುದು, ನಕಲಿ ಯಾವುದು? ಇದನ್ನು ತಿಳಿಯಲು ಆಡಿಷನ್ ಎಂಬುದು ನಿಜಕ್ಕೂ ಏನು ಎನ್ನುವುದು ಗೊತ್ತಿರಬೇಕು. ನಮ್ಮಲ್ಲಿ ಹೆಚ್ಚಿನವರು ಅದನ್ನು ಪರೀಕ್ಷೆ ಎಂದುಕೊಂಡಿದ್ದೇವೆ. ಪರೀಕ್ಷೆ ಎಂದ ಮೇಲೆ ಫೀ ಇರುತ್ತದೆ, ಹಾಲ್ ಟಿಕೆಟ್ ಇರುತ್ತದೆ, ಕಟ್ಟಿದರೆ ತಪ್ಪೇನು ಎಂದು ಅನ್ನಿಸುತ್ತದೆ. ತಪ್ಪು ಶುರುವಾಗುವುದು ಇಲ್ಲಿಂದಲೇ. ಆಡಿಷನ್ ಪರೀಕ್ಷೆಯಲ್ಲ. ಒಂದು ಟಿವಿ ಕಾರ್ಯಕ್ರಮಕ್ಕೆ ಬೇಕಾದ ಜನರನ್ನು ಆಯ್ಕೆ ಮಾಡುವ ಕೆಲಸ ಅದು. ಅಲ್ಲಿ ಅಗತ್ಯ ಇರುವುದು ಚಾನೆಲ್‌ಗೆ. ಹಾಡುವವರು ಬರದಿದ್ದರೆ ಕಾರ್ಯಕ್ರಮವೇ ಇಲ್ಲ, ಕಾರ್ಯಕ್ರಮವಿಲ್ಲದಿದ್ದರೆ ಜಾಹೀರಾತಿನ ದುಡ್ಡೂ ಇಲ್ಲ. ಅದಕ್ಕೇ ದೊಡ್ಡ ಚಾನೆಲ್‌ಗಳು ಆಡಿಷನ್‌ಗೆ ಶುಲ್ಕ ತೆಗೆದುಕೊಳ್ಳುವುದಿಲ್ಲ, ಯಾರಾದರೂ ಕೇಳಿದರೆ ಕೊಡಬೇಡಿ ಎಂದು ತಾವೇ ಪ್ರೇಕ್ಷಕರನ್ನು ಎಚ್ಚರಿಸುತ್ತವೆ.

ದುಡ್ಡಿನ ಮಾತು ಬಂದಾಗ

ನಕಲಿ ಆಡಿಷನ್‌ನವರು ಮೊದಲೇ ದೊಡ್ಡ ಮೊತ್ತ ಕೇಳುವುದಿಲ್ಲ. ಮೊದಲು ಹಾಡಿನ ವಿಡಿಯೊ ಕಳುಹಿಸಿ ಎನ್ನುತ್ತಾರೆ. ಎರಡೇ ದಿನಕ್ಕೆ ‘ನೀವು ಸೆಲೆಕ್ಟ್ ಆಗಿದ್ದೀರಿ’ ಎಂಬ ಉತ್ತರ ಬರುತ್ತದೆ, ಜೊತೆಗೆ ಚಾನೆಲ್‌ನ ಲೋಗೊ ಇರುವ ಪತ್ರ. ಆಮೇಲೆ ಸಣ್ಣದೊಂದು ನೋಂದಣಿ ಶುಲ್ಕ. ನಂತರ ಕಾಸ್ಟ್ಯೂಮ್, ಕಲಾವಿದರ ಕಾರ್ಡ್, ಮುಂಬೈಯಲ್ಲೋ ಹೈದರಾಬಾದಿನಲ್ಲೋ ಉಳಿಯಲು ಹೋಟೆಲ್ ಮುಂಗಡ. ಪ್ರತಿ ಹಂತದಲ್ಲೂ ‘ಇದು ರೀಫಂಡ್ ಆಗುತ್ತದೆ’ ಎಂಬ ಭರವಸೆ. ಮೊದಲು ಕೊಟ್ಟ ದುಡ್ಡು ಹೋಗಬಾರದಲ್ಲ ಎಂದು ಜನ ಮತ್ತಷ್ಟು ಕೊಡುತ್ತಾರೆ. ಕೌನ್ ಬನೇಗಾ ಕರೋಡ್‌ಪತಿ ಹೆಸರಿನಲ್ಲಿ ವರ್ಷಗಟ್ಟಲೆ ಹರಿದಾಡಿದ 25 ಲಕ್ಷದ ಲಾಟರಿ ಸಂದೇಶದ ತಂತ್ರವೂ ಇದೇ ಆಗಿತ್ತು. ಅಲ್ಲಿ ಆಸೆಯ ಮೇಲೆ ಬಲೆ ಬೀಸಿದ್ದರು, ಇಲ್ಲಿ ಮಗುವಿನ ಮೇಲಿನ ಹೆಮ್ಮೆಯ ಮೇಲೆ.

ಲೋಗೊ ಇದೆ, ಜಡ್ಜ್‌ಗಳ ಫೋಟೊ ಇದೆ ಎಂಬುದು ಯಾವುದಕ್ಕೂ ಸಾಕ್ಷಿಯಲ್ಲ. ಅವನ್ನು ಮೊಬೈಲ್‌ನಲ್ಲಿ ಯಾರು ಬೇಕಾದರೂ ಅಂಟಿಸಬಹುದು. ನೋಡಬೇಕಾದದ್ದು ಬೇರೆ. ಅದೇ ಆಡಿಷನ್ ಬಗ್ಗೆ ಚಾನೆಲ್ ತನ್ನ ಪರದೆಯಲ್ಲಿ ಪ್ರೋಮೊ ಹಾಕಿದೆಯೇ? ಅದರ ಅಧಿಕೃತ ಸಾಮಾಜಿಕ ಜಾಲತಾಣದ ಪುಟದಲ್ಲಿ ದಿನಾಂಕ, ಸ್ಥಳ ಇದೆಯೇ? ಚಾನೆಲ್‌ಗೆ ಜನ ಬರಬೇಕು, ಹಾಗಾಗಿ ಅದು ಈ ಸುದ್ದಿಯನ್ನು ಗುಟ್ಟಾಗಿ ಇಡುವುದಿಲ್ಲ. ನಿಮಗೊಬ್ಬರಿಗೇ ವಾಟ್ಸಾಪ್‌ನಲ್ಲಿ ಬಂದ ‘ವಿಶೇಷ ಆಹ್ವಾನ’ವನ್ನು ನಂಬದಿರುವುದೇ ಕ್ಷೇಮ. ‘ಫೀ ವಾಪಸ್ ಪಡೆಯಲು ಯುಪಿಐ ಪಿನ್ ಹಾಕಿ’ ಎಂದರಂತೂ ಫೋನ್ ಇಟ್ಟುಬಿಡಿ. ಪಿನ್ ಬೇಕಾಗುವುದು ದುಡ್ಡು ಕಳುಹಿಸಲು, ಪಡೆಯಲು ಅಲ್ಲ. ದುಡ್ಡು ಹೋಗಿಯೇ ಬಿಟ್ಟಿದ್ದರೆ ನಾಚಿಕೆಪಟ್ಟು ಸುಮ್ಮನೆ ಕೂರಬೇಡಿ. ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಿ. ಎಷ್ಟು ಬೇಗ ತಿಳಿಸುತ್ತೀರೋ, ಹಣ ಬೇರೆ ಖಾತೆಗೆ ದಾಟುವ ಮೊದಲು ತಡೆಯುವ ಸಾಧ್ಯತೆ ಅಷ್ಟು ಹೆಚ್ಚು.

ಸರತಿ ಸಾಲಿನ ಆಚೆ ಯಾರಿರುತ್ತಾರೆ?

ಅಸಲಿ ಆಡಿಷನ್‌ನ ಬಗ್ಗೆಯೂ ತಪ್ಪು ಕಲ್ಪನೆ ಕಡಿಮೆಯಿಲ್ಲ. ಟಿವಿಯಲ್ಲಿ ನೋಡುವುದನ್ನು ನಂಬಿದರೆ, ಹುಡುಗನೊಬ್ಬ ಸಾಲಿನಲ್ಲಿ ನಿಂತು, ನೇರವಾಗಿ ಖ್ಯಾತ ಜಡ್ಜ್‌ಗಳ ಮುಂದೆ ಹೋಗಿ ಹಾಡುತ್ತಾನೆ, ಅವರು ಬೆರಗಾಗುತ್ತಾರೆ. ಹಾಗಾಗುವುದಿಲ್ಲ. ಮೊದಲ ಸುತ್ತುಗಳಲ್ಲಿ ಕೇಳುವವರು ಕಾರ್ಯಕ್ರಮದ ನಿರ್ಮಾಣ ತಂಡದವರು ಮತ್ತು ಅವರು ಕರೆಸಿದ ಸಂಗೀತ ಬಲ್ಲವರು. ಖ್ಯಾತರ ಮುಂದೆ ನಿಲ್ಲುವ ಹೊತ್ತಿಗೆ ಅಭ್ಯರ್ಥಿ ಹಲವು ಜರಡಿಗಳನ್ನು ದಾಟಿರುತ್ತಾನೆ. 2009ರಲ್ಲಿ ಬ್ರಿಟನ್ಸ್ ಗಾಟ್ ಟ್ಯಾಲೆಂಟ್ ವೇದಿಕೆಯಲ್ಲಿ ಸೂಸನ್ ಬಾಯ್ಲ್ ಹಾಡಿದಾಗ ಜಡ್ಜ್‌ಗಳ ಮುಖದಲ್ಲಿ ಕಂಡ ಅಚ್ಚರಿಯ ವಿಡಿಯೊ ಇಂದಿಗೂ ಫಾರ್ವರ್ಡ್ ಆಗುತ್ತಿರುತ್ತದೆ. ಜಡ್ಜ್‌ಗಳ ಅಚ್ಚರಿ ಏನೇ ಇರಲಿ, ಆಕೆ ಹಾಡಬಲ್ಲರು ಎಂಬುದು ಕಾರ್ಯಕ್ರಮ ಮಾಡುವವರಿಗೆ ಮೊದಲೇ ಗೊತ್ತಿತ್ತು.

ಆಡಿಷನ್ ಅನ್ನೇ ಒಂದು ಪ್ರದರ್ಶನವನ್ನಾಗಿ ಮಾಡಿದ್ದು ಸಂಗೀತ ಸ್ಪರ್ಧೆಗಳ ಇತಿಹಾಸದಲ್ಲಿ ತೀರ ಇತ್ತೀಚಿನ ಸಂಗತಿ. 1995ರಲ್ಲಿ ಜೀ ಟಿವಿಯಲ್ಲಿ ಸರೆಗಮ ಶುರುವಾದಾಗ ಪರದೆಯಲ್ಲಿ ಕಂಡದ್ದು ಆಯ್ಕೆಯಾಗಿ ಬಂದ ಗಾಯಕರು. 2001ರಲ್ಲಿ ಬ್ರಿಟನ್ನಿನ ಪಾಪ್ ಐಡಲ್, ಅದರ ಬೆನ್ನಿಗೆ ಅಮೆರಿಕನ್ ಐಡಲ್, 2004ರಲ್ಲಿ ನಮ್ಮ ಇಂಡಿಯನ್ ಐಡಲ್ ಬಂದ ಮೇಲೆ ಸಾಲು, ಅಳು, ಅಪಶ್ರುತಿ, ಜಡ್ಜ್‌ನ ಚುಚ್ಚುಮಾತು ಎಲ್ಲವೂ ಕಾರ್ಯಕ್ರಮದ ಭಾಗವಾದವು. ಒಂದು ವಿಷಯ ಗಮನಿಸಿ. ತೀರ ಕೆಟ್ಟದಾಗಿ ಹಾಡುವವರೂ ಜಡ್ಜ್‌ಗಳ ತನಕ ತಲುಪುತ್ತಾರೆ. ಜರಡಿ ಹಿಡಿದ ಮೇಲೂ ಅವರು ಹೇಗೆ ಉಳಿದರು? ನಗಿಸುವುದಕ್ಕಾಗಿ ಉಳಿಸಿಕೊಂಡದ್ದರಿಂದ. ನಮ್ಮ ದೃಷ್ಟಿಯಲ್ಲಿ ಈ ಇಡೀ ವ್ಯವಹಾರದ ಅತ್ಯಂತ ಒರಟು ಭಾಗ ಇದೇ. ಆ ತುಣುಕನ್ನು ನಗುವ ಎಮೋಜಿ ಹಾಕಿ ಮುಂದಕ್ಕೆ ತಳ್ಳುವ ನಾವೂ ಅದರಲ್ಲಿ ಪಾಲುದಾರರು.

ಒಬ್ಬೊಬ್ಬರಿಗೆ ಎಷ್ಟು ಹೊತ್ತು ಸಿಗುತ್ತದೆ ಎಂದು ಸುಮ್ಮನೆ ಲೆಕ್ಕ ಹಾಕಿ ನೋಡೋಣ. ಒಂದು ಊರಿಗೆ 2,000 ಜನ ಬಂದರು, ನಾಲ್ಕು ಕೋಣೆಗಳಲ್ಲಿ ಹತ್ತು ಗಂಟೆ ಕಾಲ ಬಿಡುವಿಲ್ಲದೆ ಕೇಳಿದರು ಎಂದಿಟ್ಟುಕೊಳ್ಳಿ. ತಲಾ 72 ಸೆಕೆಂಡ್. ಅದರಲ್ಲಿ ಒಳಗೆ ಬಂದು, ಹೆಸರು ಹೇಳಿ, ಗಂಟಲು ಸರಿಮಾಡಿಕೊಳ್ಳುವುದೂ ಸೇರಿತು. ಹಾಡಿಗೆ ಉಳಿಯುವುದು ಪಲ್ಲವಿಯಷ್ಟೇ. ಆದ್ದರಿಂದ ‘ಸಾಕು’ ಎಂದರೆ ಚೆನ್ನಾಗಿಲ್ಲ ಎಂದೇನೂ ಅರ್ಥವಲ್ಲ. ಪಕ್ಕವಾದ್ಯ ಇಲ್ಲದ ಕಡೆ ಗಾಬರಿಯಲ್ಲಿ ದಿನದ ಶ್ರುತಿಗಿಂತ ಮೇಲೆ ಹಿಡಿದು, ಮೇಲಿನ ಸ್ವರಕ್ಕೆ ಹೋದಾಗ ಸಿಕ್ಕಿಹಾಕಿಕೊಳ್ಳುವುದು ಸಾಮಾನ್ಯ ಎಡವಟ್ಟು. ಒಳಗೆ ಹೋಗುವ ಮುನ್ನ ಮೊಬೈಲ್‌ನ ತಂಬೂರಿ ಆ್ಯಪ್‌ನಲ್ಲಿ ತನ್ನ ಶ್ರುತಿಯನ್ನು ಒಮ್ಮೆ ಕೇಳಿಕೊಂಡರೆ ಅರ್ಧ ಕೆಲಸ ಆದಂತೆ.

ಇನ್ನು, ತಂಡದವರು ಕಂಠವನ್ನಷ್ಟೇ ನೋಡುವುದಿಲ್ಲ. ಅವರಿಗೆ ಬಗೆಬಗೆಯ ದನಿ ಬೇಕು: ಶಾಸ್ತ್ರೀಯ ಕಲಿತ ಒಬ್ಬರು, ಜನಪದದವರು ಒಬ್ಬರು, ಉತ್ತರ ಕರ್ನಾಟಕದವರು, ಕರಾವಳಿಯವರು, ಒಂದು ಪುಟ್ಟ ಮಗು. ಜೀ ಕನ್ನಡದ ಸರಿಗಮಪ ವೇದಿಕೆಗೆ ಬಂದ ಹಾವೇರಿ ಜಿಲ್ಲೆಯ ಕುರಿಗಾಹಿ ಹನುಮಂತ ಟ್ರೋಫಿ ಗೆಲ್ಲದೆ ರನ್ನರ್ ಅಪ್ ಆದರೂ ಮನೆಮಾತಾದದ್ದು ದನಿಯ ಜೊತೆಗೆ ಆ ನಡೆ, ನುಡಿ, ಮುಗ್ಧ ನಗುವಿನಿಂದಲೂ ಹೌದು. ಇದರಲ್ಲಿ ಮೋಸವೇನಿಲ್ಲ. ಆದರೆ ಈ ಲೆಕ್ಕಾಚಾರದಲ್ಲಿ, ಒಂದೇ ಬಗೆಯಲ್ಲಿ ಚೆನ್ನಾಗಿ ಹಾಡುವ ಐವರಲ್ಲಿ ನಾಲ್ವರು ಮನೆಗೆ ಮರಳಬೇಕಾಗುತ್ತದೆ. ಅವರ ಹಾಡಿಗೆ ಅದು ಕೊಟ್ಟ ಅಂಕವಲ್ಲ.

ತೀರ್ಪುಗಾರರ ಕಿವಿ ಎಷ್ಟು ನಿಖರ?

ಬ್ರಸೆಲ್ಸ್‌ನ ಕ್ವೀನ್ ಎಲಿಜಬೆತ್ ಸ್ಪರ್ಧೆ ಶಾಸ್ತ್ರೀಯ ಸಂಗೀತದಲ್ಲಿ ಜಗತ್ತಿನ ದೊಡ್ಡ ಸ್ಪರ್ಧೆಗಳಲ್ಲೊಂದು. ಅಲ್ಲಿ ಅಂತಿಮ ಸುತ್ತು ಹಲವು ದಿನ ನಡೆಯುತ್ತದೆ, ಯಾರು ಯಾವ ದಿನ ನುಡಿಸಬೇಕೆಂದು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಅರ್ಥಶಾಸ್ತ್ರಜ್ಞರು ಹಳೆಯ ಫಲಿತಾಂಶಗಳನ್ನು ಜಾಲಾಡಿದಾಗ, ಕೊನೆಯ ದಿನಗಳಲ್ಲಿ ನುಡಿಸಿದವರಿಗೆ ಮೇಲಿನ ಸ್ಥಾನ ಸಿಗುವ ಒಲವು ಕಂಡಿತು. 2003ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇನ್ನೂ ಕಹಿಯಾದ ವಿಷಯ ಹೇಳಿತು: ಚೀಟಿಯ ಅದೃಷ್ಟದಿಂದ ಬಂದ ಆ ಸ್ಥಾನವೇ ಮುಂದೆ ಅವರ ವೃತ್ತಿಜೀವನಕ್ಕೆ ನಿಜವಾದ ಲಾಭ ತಂದುಕೊಟ್ಟಿತ್ತು.

2013ರಲ್ಲಿ ಚಿಯಾ-ಜಂಗ್ ತ್ಸೇ ಎಂಬ ಸಂಶೋಧಕಿ ಮತ್ತೊಂದು ಪ್ರಯೋಗ ಪ್ರಕಟಿಸಿದರು. ಪಿಯಾನೊ ಸ್ಪರ್ಧೆಗಳ ಕೊನೆಯ ಮೂವರ ತುಣುಕುಗಳನ್ನು ಕೊಟ್ಟು, ಗೆದ್ದವರು ಯಾರು ಹೇಳಿ ಎಂದರು. ಬರೀ ಶಬ್ದ ಕೇಳಿದವರು ಕಣ್ಣುಮುಚ್ಚಿ ಊಹಿಸಿದ್ದಕ್ಕಿಂತ ಚೆನ್ನಾಗಿ ಹೇಳಲಿಲ್ಲ. ಶಬ್ದವಿಲ್ಲದ ವಿಡಿಯೊ ನೋಡಿದವರು ಸುಮಾರು ಅರ್ಧದಷ್ಟು ಸಲ ಸರಿಯಾಗಿ ಹೇಳಿದರು. ಸಂಗೀತ ಬಲ್ಲವರ ಗತಿಯೂ ಅದೇ ಆಗಿತ್ತು! ಪಳಗಿದ ಜಡ್ಜ್‌ಗಳು, ಶಾಂತವಾದ ಸಭಾಂಗಣ, ಪೂರ್ತಿ ಕಛೇರಿ ಇರುವ ಕಡೆಯೇ ಹೀಗಾದರೆ, ಒಂದು ನಿಮಿಷದ ಪಲ್ಲವಿಯ ತೀರ್ಪನ್ನು ಮಗುವಿನ ಹಣೆಬರಹ ಎಂದುಕೊಳ್ಳುವುದು ಹೇಗೆ?

ಇಲ್ಲಿ ಇನ್ನೊಂದು ಬಗೆಯ ಫಾರ್ವರ್ಡ್ ನೆನಪಾಗುತ್ತದೆ: ‘ಅವರೂ ಅಂದು ಸೋತಿದ್ದರು, ಇಂದು ನೋಡಿ!’ ಅರಿಜಿತ್ ಸಿಂಗ್ 2005ರ ಫೇಮ್ ಗುರುಕುಲದಿಂದ ಹೊರಬಿದ್ದದ್ದು ನಿಜ. ಅಮೆರಿಕನ್ ಐಡಲ್‌ನಲ್ಲಿ ಏಳನೆಯವರಾಗಿ ಹೊರನಡೆದ ಜೆನಿಫರ್ ಹಡ್ಸನ್ 2007ರಲ್ಲಿ ಆಸ್ಕರ್ ಪಡೆದದ್ದೂ ನಿಜ. ಆದರೆ ಇಂಥ ಪಟ್ಟಿಯಲ್ಲಿ ಗೆದ್ದ ಮೇಲೆ ನಮಗೆ ಪರಿಚಯವಾದವರಷ್ಟೇ ಇರುತ್ತಾರೆ. ಸೋತು, ಆಮೇಲೂ ಸದ್ದಿಲ್ಲದೆ ಉಳಿದವರ ಹೆಸರು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಸೋತರೆ ಪ್ರತಿಭೆ ಇಲ್ಲವೆಂದಲ್ಲ, ಸೋತವರೆಲ್ಲ ಮುಂದೆ ಅರಿಜಿತ್ ಆಗುತ್ತಾರೆ ಎಂದೂ ಅಲ್ಲ.

ಗಂಟಲಿನ ಮನೆಮದ್ದು

ಆಡಿಷನ್ ಹಿಂದಿನ ರಾತ್ರಿ ಜೇನುತುಪ್ಪ, ಅತಿಮಧುರ, ಹಸಿಮೊಟ್ಟೆ ಎಂದು ಸಲಹೆಗಳು ಸುರಿಯುತ್ತವೆ. ನುಂಗಿದ್ದು ಯಾವುದೂ ಧ್ವನಿತಂತುಗಳನ್ನು ನೇರವಾಗಿ ಮುಟ್ಟುವುದಿಲ್ಲ. ಅವು ಇರುವುದು ಉಸಿರಿನ ದಾರಿಯಲ್ಲಿ, ನುಂಗುವಾಗ ಆ ದಾರಿ ಮುಚ್ಚಿಕೊಳ್ಳುತ್ತದೆ. ಮುಟ್ಟಿದರೆ ಕೆಮ್ಮು ಬಂದು ನೆತ್ತಿಗೆ ಹತ್ತುತ್ತದೆ. ಜೇನು ಗಂಟಲಿನ ಕೆರೆತಕ್ಕೆ ಹಿತ ಕೊಡಬಹುದು, ದನಿಯನ್ನು ‘ತೆರೆಯುವುದಿಲ್ಲ’. ಹಸಿಮೊಟ್ಟೆಯಿಂದ ಹೊಟ್ಟೆ ಕೆಡುವ ಅಪಾಯವೇ ಹೆಚ್ಚು. ನೀರನ್ನು ಹಿಂದಿನ ದಿನದಿಂದಲೇ ಆಗಾಗ ಕುಡಿಯುವುದು, ನಿದ್ದೆ, ಸಾಲಿನಲ್ಲಿ ನಿಂತು ಗೆಳೆಯರೊಂದಿಗೆ ಕಿರುಚಿ ಮಾತಾಡದಿರುವುದು ಹೆಚ್ಚು ಉಪಯೋಗಕ್ಕೆ ಬರುತ್ತವೆ. ದನಿ ಒಡೆದು ಮೂರ್ನಾಲ್ಕು ವಾರವಾದರೂ ಸರಿಹೋಗದಿದ್ದರೆ ಮನೆಮದ್ದು ಬಿಟ್ಟು ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಬೇಕು.

ಮಗು ಆಯ್ಕೆಯಾದರೆ

ಹೆಚ್ಚಿನ ತಂದೆತಾಯಿಗೆ ತಿಳಿಯದ ಒಂದು ವಿಷಯವಿದೆ. 14 ವರ್ಷದೊಳಗಿನ ಮಗು ಟಿವಿಯಲ್ಲಿ ಹಾಡುವುದನ್ನೂ ಕಾನೂನು ಕೆಲಸ ಎಂದೇ ನೋಡುತ್ತದೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ಬಾಲ ಕಲಾವಿದರಿಗೆ ಅವಕಾಶ ಕೊಟ್ಟಿದೆ, ಷರತ್ತುಗಳೊಂದಿಗೆ. ಮರುವರ್ಷ ಬಂದ ನಿಯಮಗಳ ಪ್ರಕಾರ ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಬಿಡುವಿಲ್ಲದೆ ಮೂರು ಗಂಟೆ ದಾಟುವಂತಿಲ್ಲ, ಸತತ 27 ದಿನಕ್ಕಿಂತ ಹೆಚ್ಚು ಬಳಸುವಂತಿಲ್ಲ. ಐದು ಮಕ್ಕಳಿಗೆ ಒಬ್ಬರಂತೆ ಜವಾಬ್ದಾರಿ ಹೊತ್ತವರು ಇರಬೇಕು. ಗಳಿಕೆಯಲ್ಲಿ ಕನಿಷ್ಠ ಶೇ 20ರಷ್ಟನ್ನು ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇಡಬೇಕು. ಶಾಲೆ ತಪ್ಪಬಾರದು, ಮಗುವಿನ ಇಷ್ಟಕ್ಕೆ ವಿರುದ್ಧವಾಗಿ ಹಾಡಿಸಬಾರದು.

ಇದಕ್ಕೆಲ್ಲ ಮೊದಲು ನಿರ್ಮಾಪಕರು ಜಿಲ್ಲಾ ಮ್ಯಾಜಿಸ್ಟ್ರೇಟ್ ಅವರ ಅನುಮತಿ ಪಡೆದಿರಬೇಕು. ಒಪ್ಪಂದದ ಕಾಗದ ಮುಂದಿಟ್ಟಾಗ ಸಂಭ್ರಮದಲ್ಲಿ ಓದದೆ ಸಹಿ ಹಾಕುವುದೇ ಹೆಚ್ಚು. ಅಲ್ಲೇ ಕೂತು ಪೂರ್ತಿ ಓದಿ, ಅರ್ಥವಾಗದಿದ್ದರೆ ಬಲ್ಲವರಿಗೆ ತೋರಿಸಲು ಒಂದು ದಿನ ಕೇಳಿ. ಆ ಅನುಮತಿ ಪತ್ರ ಎಲ್ಲಿದೆ ಎಂದೂ ಕೇಳಿ. ನಿಯಮದಂತೆ ನಡೆಯುವ ತಂಡ ಅದನ್ನು ತೋರಿಸಲು ಹಿಂಜರಿಯುವುದಿಲ್ಲ.