ಎಳೆಯ ರಕ್ತದ ಕಾವು

ಕಳೆದ ಮಾಘಮಾಸದಲ್ಲಿ ನಮ್ಮ ಮಗಳ ಬಾಣಂತನಕ್ಕೆ ನೆರವಾಗಲು ಬಂದಿದ್ದ ಹಿರಿಯರೊಬ್ಬರು, ಐದು ದಿನದ ಕೂಸನ್ನು ಮೀಯಿಸಿ, ಮೈ ಸರಿಯಾಗಿ ಒರಸದೆಯೇ ತುಸು ಹೊತ್ತು ಬಿಟ್ಟು, “ಎಳೆಯ ರಕ್ತ, ಬಿಸಿಯ ರಕ್ತ, ಚಳಿಯೇನು ಮಾಡೀತು?” ಎಂದರು. ನಾವೂ ತಲೆದೂಗಿದೆವು. ಅರ್ಧ ಗಳಿಗೆಯೊಳಗೆ ಕೂಸಿನ ಅಂಗಾಲು ತಣ್ಣಗಾಗಿ, ಅದು ಹಾಲನ್ನೂ ಒಲ್ಲದೆ ಮಂಕಾಯಿತು. ತಾಯಿಯು ಎದೆಗೊತ್ತಿಕೊಂಡು ಶಾಲು ಹೊದ್ದ ಬಳಿಕವಷ್ಟೇ ಚೇತರಿಸಿತು. ನಮ್ಮ ಆ ತಲೆದೂಗಾಟವೇ ಈ ತಿಂಗಳ ಬರೆಹಕ್ಕೆ ಕಾರಣವಾಗಿದೆ.

ರಕ್ತವು ತಾನೇ ಕಾವನ್ನು ಹುಟ್ಟಿಸುವುದುಂಟೆ? ಉಂಟು; ಅದನ್ನು ಅಳೆದೂ ನೋಡಿದ್ದಾರೆ. 1783ರ ಸುಮಾರಿನಲ್ಲಿ ಫ್ರಾನ್ಸಿನ ಲವಾಸಿಯೇ, ಲಾಪ್ಲಾಸ್ ಎಂಬ ಪಂಡಿತರಿಬ್ಬರು ಗಿನಿ ಇಲಿಯೊಂದನ್ನು ಮಂಜುಗಡ್ಡೆ ಸುತ್ತುವರಿದ ಪಾತ್ರೆಯಲ್ಲಿಟ್ಟು, ಕರಗಿದ ನೀರನ್ನು ತೂಗಿ, ಅದರ ಮೈಯ ಉಷ್ಣವನ್ನು ಲೆಕ್ಕಹಾಕಿದರು. ಇಂದಿನ ಸೂಕ್ಷ್ಮ ಕೆಲೊರಿಮೀಟರಿಗೆ ಪ್ರಾಣಿ ಬೇಡ, ಸ್ವಲ್ಪ ರಕ್ತ ಸಾಕು. ಅದರಿಂದ ಹೊರಹರಿಯುವ ಶಾಖವನ್ನು ಅದು ವಾಟಿನ ದಶಲಕ್ಷಾಂಶಗಳಲ್ಲಿ ಅಳೆಯುತ್ತದೆ. ಮೂರು ಕಿಲೋ ತೂಕದ ಕೂಸಿನ ರಕ್ತವೆಲ್ಲ ಸೇರಿದರೂ ಕಾಲು ಲೀಟರು. ಆದುದರಿಂದ ಹನಿಯ ಲೆಕ್ಕದ ಈ ಮಿತವ್ಯಯವು ಸಣ್ಣ ಉಪಕಾರವಲ್ಲ.

ವಿಚಿತ್ರವೇನೆಂದರೆ, ಆಮ್ಲಜನಕವನ್ನು ದೇಹಕ್ಕೆಲ್ಲ ಹೊತ್ತು ಹಂಚುವ ಕೆಂಪುಕಣವು ಅದನ್ನು ತನ್ನ ಉರಿಗೆ ಬಳಸಲಾರದು, ಬಡಿಸುವವನೇ ಉಪವಾಸ! ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿ ಒಡೆದು ಅದು ಜೀವಿಸುತ್ತದೆ. ಅದರ ಕಾವು ಅಲ್ಲಿಯದು. ನವಜಾತ ಶಿಶುವಿನ ಕಣಗಳು ದೊಡ್ಡವರವುಗಳಿಗಿಂತ ಚುರುಕಾಗಿ ಸಕ್ಕರೆಯನ್ನು ಬಳಸುತ್ತವೆ. ಹಿರಿಯರ ಮಾತಿನಲ್ಲಿ ಅಷ್ಟು ಸತ್ಯವಿದೆ. ಆದರೆ ಕೂಸಿನ ಒಟ್ಟು ಕಾವಿನಲ್ಲಿ ಈ ಪಾಲು ನೂರರಲ್ಲಿ ಒಂದರಷ್ಟೂ ಆಗದು.

ಮಿಕ್ಕುದು ಮೆದುಳು, ಯಕೃತ್ತು, ಹೃದಯಗಳ ದುಡಿಮೆ. ಚಳಿ ತಗಲಿದಾಗ ನಾವು ನಡುಗಿ ಕಾವು ಪಡೆಯುತ್ತೇವೆ; ಕೂಸಿಗೆ ಹಾಗೆ ನಡುಗಲು ಬಾರದು. ಅದರ ಬದಲಿಗೆ ಹೆಗಲೆಲುಬುಗಳ ನಡುವೆ, ಕತ್ತಿನಲ್ಲಿ, ಮೂತ್ರಪಿಂಡಗಳ ಸುತ್ತ ಕಂದುಬಣ್ಣದ ಕೊಬ್ಬೊಂದಿದ್ದು ಉರಿಯುತ್ತದೆ. ಆ ಸೌದೆ ಮಿತವಾದುದು. ದಿನ ತುಂಬದೆ ಹುಟ್ಟಿದವರಲ್ಲಿ ಇನ್ನೂ ಕಡಿಮೆ. ರಕ್ತವು ಆ ಕಾವನ್ನು ಹೊತ್ತು ತಿರುಗುವ ಆಳು ಮಾತ್ರ. ಒದ್ದೆಚರ್ಮಕ್ಕೆ ತಂದರೆ ಗಾಳಿಯು ಅದನ್ನು ಕಸಿದುಕೊಳ್ಳುತ್ತದೆ.

ಆದುದರಿಂದಲೇ ಹುಟ್ಟಿದೊಡನೆ ಒರಸಿ ಒಣಗಿಸಿ ತಾಯಿಯ ಮೈಗೆ ಮೈ ತಾಗಿಸಿಡಬೇಕೆಂದೂ, ಮೊದಲ ಸ್ನಾನವನ್ನು 24 ಗಂಟೆಯಾದರೂ ತಡೆಯಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಕಂಕುಳಲ್ಲಿ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇದ್ದರೆ ಸರಿ. ಅದಕ್ಕಿಂತ ಇಳಿದು, ಕೂಸು ಹಾಲೊಲ್ಲದೆ ಮಂಕಾದರೆ, ಎದೆಗಪ್ಪಿಕೊಂಡೇ ವೈದ್ಯರಲ್ಲಿಗೆ ಹೊರಡತಕ್ಕದ್ದು. ಅಂದು ನಾವು ಹೊರಡಲಿಲ್ಲ.