ಅಕ್ಕಿ ಮೂಟೆ ತಲುಪಿತು, ಮನಸ್ಸಿಗೆ ಏನು ತಲುಪಿತು?

ವಿಪತ್ತು ಎರಗಿದಾಗಲೆಲ್ಲ ನಮ್ಮ ಸಮುದಾಯದ ಯುವಕರು ಮುಂದೆ ನಿಲ್ಲುತ್ತಾರೆಂಬುದು ಹೆಮ್ಮೆಯ ವಿಷಯ. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಕುಸಿದಾಗಲೂ 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕೈ, ಚೂರಲ್‌ಮಲೆಗಳು ಮಣ್ಣುಪಾಲಾದಾಗಲೂ ಅವರು ಓಡಿದರು. ಅಕ್ಕಿ, ಕಂಬಳಿ, ಔಷಧ ತಲುಪಿದವು. ಆದರೆ ಲಾರಿಗಳು ಹಿಂದಿರುಗಿದ ನಂತರ? ಮಗುವನ್ನು ಕಳೆದುಕೊಂಡ ತಾಯಿ, ಮಳೆಯ ಸದ್ದಿಗೆ ಬೆಚ್ಚಿ ಏಳುವ ಬಾಲಕ, ಕೆಲಸಕ್ಕೆ ಹೋಗದೆ ಗೋಡೆ ದಿಟ್ಟಿಸುತ್ತ ಕೂರುವ ಮನೆಯ ಯಜಮಾನ, ಇವರ ನೋವು ಯಾವ ಪಟ್ಟಿಯಲ್ಲಿದೆ?

ಈ ತಿಳಿವಳಿಕೆ ನಮ್ಮ ನಾಡಿಗೆ ಹೊಸತೇನಲ್ಲ. 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಹೆಚ್ಚು ಮಂದಿ, ಬಹುಪಾಲು ಮಕ್ಕಳೇ, ಮೃತಪಟ್ಟಾಗ ನಿಮ್ಹಾನ್ಸ್ ವೈದ್ಯರು ಆ ಕುಟುಂಬಗಳ ಮನಃಸ್ಥಿತಿಯನ್ನು ಅಧ್ಯಯನ ಮಾಡಿದ್ದರು. 2001ರ ಗುಜರಾತ್ ಭೂಕಂಪ, 2004ರ ಸುನಾಮಿಯ ನಂತರ ಸ್ಥಳೀಯ ಕಾರ್ಯಕರ್ತರಿಗೆ ಸಾಂತ್ವನದ ತರಬೇತಿ ನೀಡಿದ್ದೂ ಅದೇ ಸಂಸ್ಥೆ. ವಿಪತ್ತಿನಲ್ಲಿ ಮಾನಸಿಕ ನೆರವು ಹೇಗಿರಬೇಕೆಂದು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2009ರಲ್ಲೇ ಮಾರ್ಗಸೂಚಿ ಹೊರಡಿಸಿತು. ಜ್ಞಾನವಿದೆ, ಅದು ಬೆಂಗಳೂರಿನಿಂದ ಸೊರಬಕ್ಕೆ, ಸೊರಬದಿಂದ ಹೊಸಬಾಳೆಗೆ ಇಳಿದು ಬರಬೇಕಿದೆ. ವರದಾ, ದಂಡಾವತಿ ನದಿಗಳು ಉಕ್ಕಿದರೆ ಕಂದಾಯ ಇಲಾಖೆಯವರು ಮನೆ, ಜಾನುವಾರು, ಬೆಳೆಗಳ ಲೆಕ್ಕ ಬರೆಯುತ್ತಾರೆ. ರೈತನ ನಿದ್ದೆ ಹೋದದ್ದನ್ನು ಬರೆಯಲು ಅಲ್ಲಿ ಅಂಕಣವಿಲ್ಲ.

ಸರಕಾರವನ್ನಷ್ಟೇ ದೂರಿ ಕೈತೊಳೆದುಕೊಳ್ಳಲು ನಮಗೆ ಹಕ್ಕಿಲ್ಲ. ದುಃಖದಲ್ಲಿ ಮುಳುಗಿದವನಿಗೆ ನಮ್ಮ ಮೊಹಲ್ಲಾಗಳು ಕೊಡುವ ಉತ್ತರಗಳು ಎರಡೇ: 'ಈಮಾನ್ ದುರ್ಬಲವಾಗಿದೆ', ಇಲ್ಲವೇ 'ಜಿನ್ನ್ ಹಿಡಿದಿದೆ'. ಮೊದಲನೆಯದು ಆತನ ಬಾಯಿ ಮುಚ್ಚಿಸುತ್ತದೆ, ಎರಡನೆಯದು ತಾಯಿತ ಮಾರುವವನ ಜೇಬು ತುಂಬಿಸುತ್ತದೆ. ಪುತ್ರವಿಯೋಗದಲ್ಲಿ ಅತ್ತು ಕಣ್ಣು ಕಳೆದುಕೊಂಡ ಪ್ರವಾದಿ ಯಾಕೂಬ್(ಅ)ರ ಈಮಾನ್ ದುರ್ಬಲವಾಗಿತ್ತೇ? ಕಂದ ಇಬ್ರಾಹೀಮರು ತೀರಿಕೊಂಡಾಗ ಪ್ರವಾದಿವರ್ಯರ(ಸ) ಕಣ್ಣುಗಳು ಹನಿಗೂಡಲಿಲ್ಲವೇ? ಸಹನೆಯೆಂದರೆ ಅಳು ನುಂಗುವುದಲ್ಲ. ಕಾಲು ಮುರಿದವನನ್ನು ವೈದ್ಯರಲ್ಲಿಗೆ ಒಯ್ಯುವ ನಾವು ಮನಸ್ಸು ಮುರಿದವನಿಗೆ ಮಾತ್ರ ಉಪದೇಶ ಮಾಡುವುದು ಯಾವ ನ್ಯಾಯ?

ಸಂತ್ರಸ್ತರೆಲ್ಲರೂ ರೋಗಿಗಳೆಂದು ನಾವು ಹೇಳುತ್ತಿಲ್ಲ. ಸುರಕ್ಷಿತ ಸೂರು, ದುಡಿಮೆ, ಬಂಧುಗಳ ಆಸರೆ, ಪ್ರಾರ್ಥನೆ ದೊರೆತರೆ ಬಹುತೇಕರು ಕಾಲಕ್ರಮದಲ್ಲಿ ಚೇತರಿಸಿಕೊಳ್ಳುತ್ತಾರೆ. ನಡೆದದ್ದನ್ನು ಮತ್ತೆ ಮತ್ತೆ ಕೆದಕಿ ಕೇಳುವುದು ಸಾಂತ್ವನವಲ್ಲ. ಅವರಾಗಿಯೇ ಹೇಳಿದಾಗ ಕಿವಿಗೊಡುವುದು ಸಾಂತ್ವನ. ಆದರೆ ವಾರಗಳು ಕಳೆದರೂ ನಿದ್ದೆ, ಊಟ, ಕೆಲಸ ಮರಳದಿದ್ದರೆ, ಬದುಕು ಬೇಡವೆಂಬ ಮಾತು ಬಂದರೆ ವೈದ್ಯರ ನೆರವು ಬೇಕೇ ಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತವಾಗಿದೆ, ಹಗಲಿರುಳೂ ದೊರೆಯುತ್ತದೆ, ಕನ್ನಡದಲ್ಲೂ ಮಾತನಾಡುತ್ತದೆ. ನಮ್ಮ ಎಷ್ಟು ಮಸೀದಿಗಳ ಫಲಕದಲ್ಲಿ ಈ ಸಂಖ್ಯೆಯಿದೆ?

ಆದ್ದರಿಂದ ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿಗಳ ಜಮಾಅತ್ ಸಮಿತಿಗಳ ಮುಂದೆ ನಮ್ಮ ಆಗ್ರಹ ಸ್ಪಷ್ಟ. ಪರಿಹಾರ ಕಾರ್ಯ ಮೂರು ದಿನಕ್ಕೆ ಮುಗಿಯಬಾರದು. ಮೂರು ತಿಂಗಳ ನಂತರ, ವರ್ಷದ ನಂತರ ಅದೇ ಮನೆಗಳ ಬಾಗಿಲನ್ನು, ಧರ್ಮ ಕೇಳದೆ, ಮತ್ತೆ ತಟ್ಟಬೇಕು. ಇದ್ದತ್‌ನಲ್ಲಿರುವ ವಿಧವೆಯ ಅಳಲು ಕೇಳಲು ತರಬೇತಿ ಪಡೆದ ಮಹಿಳೆಯರು ಬೇಕು. ಖತೀಬರು ಮಿಂಬರಿನಿಂದ 14416 ಎಂದು ಗಟ್ಟಿಯಾಗಿ ಹೇಳಬೇಕು. ಇದಕ್ಕೆ ದೊಡ್ಡ ನಿಧಿ ಬೇಕಿಲ್ಲ. ಮುಂದಿನ ಮಳೆಗಾಲ ನಮ್ಮ ಸಿದ್ಧತೆಗಾಗಿ ಕಾಯುವುದೂ ಇಲ್ಲ.